ಗುಂಡಿಯ ಮೇಲಿನ ಕುರ್ಚಿ

ನಗರಸಭೆಯ ಇನ್‌ಸ್ಪೆಕ್ಟರ್ ಕುರ್ಚಿಯನ್ನು ಎತ್ತಿ ಹಿಡಿದ ಮೇಲೆಯೇ ಅದರ ಕೆಳಗಿನ ಗುಂಡಿ ಕಣ್ಣಿಗೆ ಬಿದ್ದದ್ದು. ಚರಂಡಿಯ ಚಪ್ಪಡಿ ಮುರಿದು, ಫುಟ್‌ಪಾತಿನ ನಡುವೆ ಮಗುವೊಂದು ಸೊಂಟದವರೆಗೆ ಇಳಿದುಹೋಗುವ ಹಾಗೆ ಬಾಯಿ ತೆರೆದಿತ್ತು. "ಗುಂಡಿ ಚರಂಡಿ ವಿಭಾಗದ್ದು ಕಣಮ್ಮ," ಎಂದರು. "ನಂದೇನಿದ್ರೂ ಫುಟ್‌ಪಾತಿಗೆ ಅಡ್ಡ ಇಟ್ಟಿರೋ ಈ ಕುರ್ಚಿ."

ಅಂಗಡಿಯ ಬಾಗಿಲಲ್ಲಿ ನಿಂತಿದ್ದ ದರ್ಜಿಯಮ್ಮ ಹಲ್ಲಿನಿಂದ ದಾರ ಕಡಿದಳು. "ಧಾರಾಳವಾಗಿ ತಗೊಂಡ್ಹೋಗಿ ಸಾರ್. ಚರಂಡಿಯವರು ರಸ್ತೆಯವರ ಕಡೆ ಕೈ ತೋರ್ಸಿದ್ರು, ರಸ್ತೆಯವರು ಚರಂಡಿಯವರ ಕಡೆ. ಗುಂಡಿಗೆ ಯಾರೂ ಬರಲಿಲ್ಲ. ಕುರ್ಚಿ ಇಟ್ಟೆ ನೋಡಿ, ನೀವು ಓಡಿ ಬಂದ್ರಿ!"

ಅಷ್ಟರಲ್ಲಿ ಪಕ್ಕದ ಶಾಲೆಯ ಗಂಟೆ ಹೊಡೆಯಿತು. ಗೇಟಿನಿಂದ ಮಕ್ಕಳು ಕಟ್ಟೆಯೊಡೆದ ನೀರಿನಂತೆ ನುಗ್ಗಿ ಬಂದರು. ಎಲ್ಲರಿಗಿಂತ ಮುಂದಿದ್ದ ಹುಡುಗಿ ಗೆಳತಿಯರನ್ನು ಅಣಕಿಸುತ್ತಾ, ಹಿಂದೆ ತಿರುಗಿಕೊಂಡೇ ಓಡುತ್ತಿದ್ದಳು. ಇನ್‌ಸ್ಪೆಕ್ಟರ್ ಕುರ್ಚಿ ಒಯ್ಯಲು ತಂದಿದ್ದ ವ್ಯಾನನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕುರ್ಚಿಯನ್ನು ದಡಕ್ಕನೆ ಗುಂಡಿಯ ಮೇಲಿಟ್ಟು ತಾವೇ ಅದರ ಮೇಲೆ ಕೂತುಬಿಟ್ಟರು. ಹುಡುಗಿ ಅವರ ಮೊಣಕಾಲಿಗೆ ಡಿಕ್ಕಿ ಹೊಡೆದು, "ಸಾರಿ ಅಂಕಲ್!" ಎಂದು ಪಕ್ಕಕ್ಕೆ ಹಾರಿದಳು. ಉಳಿದ ಮಕ್ಕಳೂ ಅವರ ಅಕ್ಕಪಕ್ಕದಿಂದ ಓಡಿದರು.

"ಅಲುಗಾಡಬೇಡಿ ಸಾರ್, ಅದರ ಒಂದು ಕಾಲು ಕುಂಟು," ಎಂದ ದರ್ಜಿಯಮ್ಮ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಇನ್‌ಸ್ಪೆಕ್ಟರ್ ಅಲುಗಾಡದೆಯೇ ಜೇಬಿನಿಂದ ಫೋನ್ ತೆಗೆದರು. "ಈಗ್ಲೇ ಒಂದು ಚಪ್ಪಡಿ, ಸಿಮೆಂಟು ಕಳಿಸ್ರಿ. ಯಾವ ವಿಭಾಗದ್ದು ಅಂತ ಆಮೇಲೆ ಜಗಳ ಆಡೋಣ. ಅದು ಬರೋವರೆಗೂ ನಾನಿಲ್ಲಿಂದ ಏಳೋ ಹಾಗಿಲ್ಲ."