ಮಧ್ಯಾಹ್ನ ಮಾತ್ರ ಅಗ್ಗ

ರಾತ್ರಿ ಒಬ್ಬರ ಊಟಕ್ಕೆ ಎರಡು ಸಾವಿರದ ಎಂಟುನೂರು. ಮಧ್ಯಾಹ್ನ ಅದೇ ಅಡುಗೆ, ಅದೇ ಕಂಚಿನ ತಟ್ಟೆ, ಇನ್ನೂರ ತೊಂಬತ್ತು. ಜಯಲತಾ ಮನಸ್ಸಿನಲ್ಲೇ ತುಪ್ಪ, ಗೋಡಂಬಿ, ಗ್ಯಾಸು, ವಾಶಿಯಂಥ ದುಬಾರಿ ಪೇಟೆಯ ಬಾಡಿಗೆ, ಎಸಿಯ ಕರೆಂಟು ಎಲ್ಲ ಕೂಡಿಸಿದಳು. ಗಂಡ ತೀರಿಕೊಂಡ ಮೇಲೆ ಡೊಂಬಿವಲಿಯ ಸಣ್ಣ ಹೋಟೆಲಿನ ಗಲ್ಲಾದಲ್ಲಿ ಕೂತು ಮಗಳನ್ನು ಓದಿಸಿದವಳು. ಹೇಗೆ ಕೂಡಿಸಿದರೂ ಆ ದರಕ್ಕೆ ಗಿಟ್ಟುತ್ತಿರಲಿಲ್ಲ.

ನಷ್ಟ ಮಾಡಿಕೊಂಡು ಊಟ ಹಾಕುವವನಿಗೆ ಬೇರೇನೋ ಬೇಕಾಗಿರುತ್ತದೆ. ಅದೇನೆಂದು ತಿಳಿಯಲೆಂದೇ ಅವಳು ಬಂದಿದ್ದಳು.

ಎದುರಿಗೆ ಮಗಳು ಅಶ್ಮಿತಾ. ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಳು. ತುರ್ಭೆಯ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ಸಂಜೆಯೊಳಗೆ ಒಪ್ಪಿಗೆ ಹೇಳಬೇಕು, ಇಲ್ಲವಾದರೆ ಬೇರೆಯವರಿಗೆ ಹೋಗುತ್ತದೆ. ಅಷ್ಟರಲ್ಲಿ ಈ ಹೋಟೆಲಿನ ಕೌಶಲ್ ಕರೆದಿದ್ದ. ಟಿವಿಯಲ್ಲಿ ಅಡುಗೆ ಮಾಡಿ ತೋರಿಸುವ ಕೌಶಲ್. ಇಮ್ಮಡಿ ಸಂಬಳ. ಷರತ್ತು ಎರಡೇ: ಅಡುಗೆಮನೆಯಲ್ಲಿ ಸದಾ ಅವನ ಪಕ್ಕದಲ್ಲೇ ಇರಬೇಕು, ಒಳಗಿನ ಮಾತನ್ನು ಯಾರಿಗೂ ಹೇಳಬಾರದು.

"ಟ್ರಯಲ್ ದಿನ ಎಂತ ಮಾಡಿಸಿದ?" ಜಯಲತಾ ದನಿ ತಗ್ಗಿಸಿ ಕೇಳಿದಳು.

"ಪತ್ರೊಡೆ, ಸಾರು, ಪಾಯಸ ಮಾಡಿದೆ. ಅವರು ಮುಟ್ಟಲೇ ಇಲ್ಲ ಮಮ್ಮಿ. ನೀನೇ ತಿನ್ನು ಅಂದ್ರು. ನಾನು ತಿಂದೆ, ಅವರು ನೋಡ್ತಾ ಕೂತ್ರು."

"ಎಂತ ನೋಡ್ತಾ?"

"ನನ್ನ ಮುಖ."

ಜಯಲತಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಟೆನ್ಶನ್ ಮತ್ ಲೋ ಯಾರ್."

"ನಾನು ನಿನ್ನ ಯಾರ್, ದೋಸ್ತ್ ಎಂತದೂ ಅಲ್ಲ ಮಾರಾಯ್ತಿ, ಅಮ್ಮ. ಟೆನ್ಶನ್ ತಗೊಳ್ಳುವುದೇ ನನ್ನ ಕೆಲಸ."

ಅಡುಗೆಮನೆಗೂ ಊಟದ ಕೋಣೆಗೂ ನಡುವೆ ಗಾಜಿನ ಗೋಡೆ. ಅದರ ಹಿಂದೆ ಕೌಶಲ್ ಕೈಕಟ್ಟಿ ನಿಂತಿದ್ದ. ಒಲೆಯ ಕಡೆ ಅವನ ಗಮನವಿರಲಿಲ್ಲ. ಮೇಜಿನಿಂದ ಮೇಜಿಗೆ ಕಣ್ಣು ಹಾಯಿಸುತ್ತಿದ್ದ. ಯಾರಾದರೂ ಮೊದಲ ತುತ್ತು ಬಾಯಿಗಿಟ್ಟರೆ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಪಕ್ಕದ ಮೇಜಿನ ಹುಡುಗಿಯೊಬ್ಬಳು ಅದನ್ನು ಗಮನಿಸಿ ಕುರ್ಚಿ ತಿರುಗಿಸಿಕೊಂಡಳು.

ಅವನ ಬಗ್ಗೆ ಜಯಲತಾಗೆ ಹಿಡಿಸಿದ್ದು ಒಂದೇ. ರುಚಿ ನೋಡದೆ ಅಡುಗೆ ಮಾಡುವವನೆಂದು ಅವನಿಗೆ ಹೆಸರು. ಅಜ್ಜ ಉಡುಪಿ ಕಡೆಯ ದೇವಸ್ಥಾನದಲ್ಲಿ ಅಡುಗೆಗಿದ್ದವರು. ಅಲ್ಲಿ ನೈವೇದ್ಯಕ್ಕೆ ಮೊದಲು ಯಾವುದನ್ನೂ ಬಾಯಿಗಿಡುವಂತಿಲ್ಲ. ಎರಡು ವರ್ಷದಿಂದ ತಾನೂ ಆ ನೇಮ ಹಿಡಿದಿದ್ದೇನೆಂದು ಅವನು ಟಿವಿಯಲ್ಲಿ ಹೇಳಿದ್ದ. ಊರಿನ ಆಚಾರ ಬಿಡದವನು ಎಂದು ಅವಳು ಆಗ ಮೆಚ್ಚಿದ್ದಳು. ಈಗ ಆಚಾರವೂ ಆ ನೋಟವೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಬಡಿಸಲು ಬಂದ ರಮಾಕಾಂತ ಕುಂದಾಪುರದ ಕಡೆಯವನು. ಜಯಲತಾ ಊರಿನ ಸುದ್ದಿ ತೆಗೆದು ಮಾತಿಗೆಳೆದಳು.

"ನಿಮ್ಮ ಧಣಿ ರಾತ್ರಿಯೂ ಹೀಗೇ ನೋಡ್ತಾ ನಿಲ್ತಾರಾ?"

"ಇಲ್ಲ ಅಕ್ಕ. ರಾತ್ರಿಯವರನ್ನು ನೋಡುವ ಅಗತ್ಯ ಇಲ್ಲ." ಅಂದವನು ನಾಲಿಗೆ ಕಚ್ಚಿಕೊಂಡ.

"ಇವಳಿಗಿಂತ ಮೊದಲು ಅವರ ಪಕ್ಕದಲ್ಲಿ ಯಾರಿದ್ರು?"

"ಮುಕ್ತಾ ಅಂತ. ಪಾಪ, ಅವಳಿಗೆ ನೆಗಡಿ ಬಿಡ್ತಾನೇ ಇರಲಿಲ್ಲ. ಕಳಿಸಿಬಿಟ್ರು."

"ನೆಗಡಿಗೆ ಕೆಲಸದಿಂದ ತೆಗೆದ್ರಾ?"

"ಹೌದು ಅಕ್ಕ. ಈ ಅಗ್ಗದ ಊಟ ಶುರುವಾಗಿದ್ದೂ ಆಮೇಲೆಯೇ."

ರಮಾಕಾಂತ ಗಾಜಿನ ಕಡೆ ಒಮ್ಮೆ ನೋಡಿ ಬೇಗ ಹೊರಟುಹೋದ. ಜಯಲತಾ ಮಗಳ ಕೈ ಹಿಡಿದಳು. "ಕೇಳಿದೆಯಲ್ಲ? ನೆಗಡಿಯಾದ ಹುಡುಗಿಯನ್ನು ಬೀದಿಗೆ ಹಾಕುವವನು. ಊಟ ಮುಗಿಸು, ತುರ್ಭೆಗೆ ಹೂಂ ಅನ್ನು."

"ಮಮ್ಮಿ, ಅಲ್ಲಿ ದಿನಾ ದಾಲ್ ಚಾವಲ್. ಇಲ್ಲಿ ನಾನು ಏನಾದ್ರೂ ಕಲೀಬಹುದು."

"ಬದುಕಿ ಉಳಿದರೆ ಎಲ್ಲಿ ಬೇಕಾದರೂ ಕಲಿಯಬಹುದು."

ಕೊನೆಗೆ ಮಜ್ಜಿಗೆ ಬಂತು. ಜಯಲತಾ ಒಂದು ಗುಟುಕು ಕುಡಿದಳು. ಸಮುದ್ರದ ನೀರೇ. ಅವಳು ಮುಖ ಕಿವುಚಿದಳು.

ತಲೆಯೆತ್ತಿದಾಗ ಗಾಜಿನ ಹಿಂದೆ ಯಾರೂ ಇರಲಿಲ್ಲ. ಕೌಶಲ್ ಅವಳ ಮೇಜಿನ ಪಕ್ಕದಲ್ಲೇ ನಿಂತಿದ್ದ. ಬೇರೆ ಮೇಜುಗಳಿಗೆ ಹೊರಟಿದ್ದ ಮಜ್ಜಿಗೆಯನ್ನು ಕೈಸನ್ನೆಯಲ್ಲೇ ತಡೆದಿದ್ದ.

"ಎಂತ ಹೆಚ್ಚಾಯ್ತು ಅಮ್ಮ?" ಅವಳ ತುಟಿಯಿಂದ ಕಣ್ಣು ಕೀಳದೆ ಕೇಳಿದ.

"ನನ್ನನ್ನು ಯಾಕೆ ಕೇಳ್ತೀರಿ? ದೇವರ ನೈವೇದ್ಯ ಆಗಿರಬೇಕಲ್ಲ ಈಗ. ನೀವೇ ಕುಡಿದು ನೋಡಿ."

ಕೌಶಲ್ ಅಶ್ಮಿತಾಳನ್ನು ನೋಡಿದ. ರಮಾಕಾಂತನನ್ನು ನೋಡಿದ. ಮುಟ್ಟದೆ ಇಟ್ಟಿದ್ದ ಅಶ್ಮಿತಾಳ ಲೋಟ ಎತ್ತಿ ಒಂದೇ ಉಸಿರಿಗೆ ಪೂರ್ತಿ ಕುಡಿದ. ಹುಬ್ಬು ಅಲುಗಲಿಲ್ಲ.

"ಹುಳಿ ಸ್ವಲ್ಪ ಮುಂದಾಗಿದೆ," ಅಂದ.

ಅಶ್ಮಿತಾ ಅಮ್ಮನ ಲೋಟಕ್ಕೆ ಬೆರಳು ಅದ್ದಿ ನೆಕ್ಕಿದಳು. ತಕ್ಷಣ ಥೂ ಎಂದು ಬಾಯಿ ಒರೆಸಿಕೊಂಡಳು.

ಈಗ ಮುಖ ನೋಡುವ ಸರದಿ ಜಯಲತಾಳದು. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಹೆದರಿಸುವವನ ಮುಖವಲ್ಲ ಅದು, ಹೆದರಿದವನ ಮುಖ.

ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮಗಳಿಗೆ ಹೇಳಿದಳು: "ತುರ್ಭೆಗೆ ಫೋನ್ ಮಾಡು. ಬರುವುದಿಲ್ಲ ಅನ್ನು."

"ಕ್ಯಾ?"

"ಇಲ್ಲೇ ಸೇರು. ನೆಗಡಿ ಮಾಡಿಕೊಳ್ಳಬೇಡ."

ಅಶ್ಮಿತಾ ಫೋನ್ ಹಿಡಿದು ಹೊರಗೆ ಹೋದಳು. ಜಯಲತಾ ಕೌಶಲ್‌ಗೆ ಕುರ್ಚಿ ತೋರಿಸಿದಳು, ತೀರಾ ಮೆಲ್ಲಗೆ ಕೇಳಿದಳು: "ಊರೆಲ್ಲ ಹಬ್ಬಿತ್ತಲ್ಲ, ಆ ಜ್ವರ ಬಂದು ಹೋದ ಮೇಲಾ?"

ಅವನು ತಲೆಯಾಡಿಸಿದ. ಎರಡು ವರ್ಷದ ಹಿಂದಿನ ಜ್ವರದಲ್ಲಿ ಅವನ ನಾಲಿಗೆಯ ರುಚಿ ಪೂರ್ತಿ ಹೋಗಿತ್ತು. ನೆಗಡಿಯಲ್ಲಿ ಮುಕ್ತಾಳ ನಾಲಿಗೆಯೂ ಕೈಕೊಟ್ಟ ಮೇಲೆ, ಮಧ್ಯಾಹ್ನ ಉಂಡವರ ಮುಖ ಓದಿಕೊಂಡೇ ಅವನು ರಾತ್ರಿಯ ಅಡುಗೆಗೆ ಉಪ್ಪು ಹಾಕುತ್ತಿದ್ದ.