ಚಾಕಿಗೆ ಕಟ್ಟಿದ ದಾರ

ಮದುವೆಮನೆಯಲ್ಲಿ ಯಾರಾದರೂ ಚಾಕು ಕೇಳಿದರೆ ದಯಾನಂದನಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ. ಹಾಗೆ ಕೊಟ್ಟ ಮಡಚುವ ಚಾಕುಗಳಲ್ಲಿ ಒಂದಾದರೂ ವಾಪಸು ಬಂದಿರಲಿಲ್ಲ. ಈಗ ಉಳಿದಿದ್ದದ್ದು ತೀರಿಹೋದ ಅಪ್ಪನ ಚಾಕು ಮಾತ್ರ.

"ದಾರ ಪೋಣಿಸಿ ಉಡಿದಾರಕ್ಕೆ ಕಟ್ಕೊಳೋ," ಎಂದಳು ಅಕ್ಕ.

"ಪಂಚೆಯಿಂದ ದಾರ ನೇತಾಡ್ತಿದ್ರೆ ಜನ ನಗಲ್ವೇನೇ?"

"ನಗ್ಲಿ ಬಿಡು. ಅಪ್ಪನ ಚಾಕು ಹೋದ್ರೆ ನೀನೂ ಮನೆಗೆ ಬರ್ಬೇಡ."

ಬಿಚ್ಚಲಾಗದಂಥ ಗಂಟನ್ನು ಅವಳೇ ಹಾಕಿ ಕಳಿಸಿದಳು.

ಛತ್ರದ ಬಾಗಿಲಲ್ಲಿ ಒಬ್ಬ ಹುಡುಗಿ ಬಂದ ಹೆಂಗಸರಿಗೆಲ್ಲ ಮಲ್ಲಿಗೆ ಹಂಚುತ್ತಿದ್ದಳು. ಅವನನ್ನು ಕಂಡವಳೇ ಕೈ ಚಾಚಿದಳು.

"ನಿಮ್ಮ ಹತ್ರ ಚಾಕು ಇರುತ್ತಂತಲ್ಲ, ಕೊಡಿ. ಹೂವಿನ ದಂಡೆ ತುಂಡು ಮಾಡ್ಬೇಕು."

ದಯಾನಂದನ ಕಿವಿ ಕೆಂಪಾಯಿತು. "ಕೊಡೋಕಾಗಲ್ಲ. ಕಟ್ಟಿದೆ."

"ಎಲ್ಲಿಗೆ?"

"ನನಗೇ."

ಅವಳು ಬಾಯಿ ತುಂಬ ನಕ್ಕಳು. ಅವನಿಗೆ ಅಲ್ಲಿಂದಲೇ ಮನೆಗೆ ಓಡಿಬಿಡೋಣ ಎನಿಸಿತು.

"ಹಾಗಾದ್ರೆ ನೀವೇ ಬಂದು ಕತ್ತರಿಸಿಕೊಡಿ," ಎಂದು ಅವಳು ಪಕ್ಕದ ಕುರ್ಚಿ ಎಳೆದಳು.

ಅವಳು ಮೊಳ ಹಾಕಿದಳು, ಇವನು ಕತ್ತರಿಸಿದ. ನಡುನಡುವೆ ಅವಳು ಊರು ಕೇಳಿದಳು, ಕೆಲಸ ಕೇಳಿದಳು, ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿದಳು.

ಹೂವು ಮುಡಿದ ಅಜ್ಜಿಯೊಬ್ಬರು ಇಬ್ಬರನ್ನೂ ನೋಡಿ, "ಏನಮ್ಮಾ, ಹುಡುಗನ್ನ ಕಟ್ಟಿ ಕೂರ್ಸಿದೀಯಾ?" ಎಂದರು.

"ನಾನಲ್ಲ ಅಜ್ಜಿ, ಅವರೇ ಕಟ್ಕೊಂಡು ಬಂದಿದಾರೆ."

ಈ ಸಲ ದಯಾನಂದನೂ ನಕ್ಕ.

ಒಳಗೆ ಗಟ್ಟಿಮೇಳ ಶುರುವಾಯಿತು. "ಏಳಿ, ಅಕ್ಷತೆ ಹಾಕಿ ಬರೋಣ," ಎನ್ನುತ್ತ ಅವಳು ಹೂವಿನ ತಟ್ಟೆ ಎತ್ತಿಕೊಂಡಳು.

ತಟ್ಟೆಯ ಕೆಳಗೆ ಕತ್ತರಿ ಇತ್ತು.