ಕೈಪಟ್ಟಿಯ ದೀಪ

ಚಂದ್ರನ ಗಣಿಯಲ್ಲಿ ಒಂದು ಕಾಲಕ್ಕೆ ನಾಯಕತ್ವ ಮನೆತನದಿಂದ ಬರುತ್ತಿತ್ತು, ಆಮೇಲೆ ಪರೀಕ್ಷೆಯಿಂದ. ಈಗ ಆ ಗಳಿಗೆಗೆ ಯಾರು ಬೇಕೋ ಅವರ ಕೈಪಟ್ಟಿಯಲ್ಲಿ ಹಸಿರು ದೀಪ ಹತ್ತುತ್ತದೆ, ಅವರೇ ನಾಯಕರು. ಸುರಂಗ ಕುಸಿದಾಗ ಅದು ಹತ್ತಿದ್ದು ಗಾಳಿಯ ಸಿಲಿಂಡರ್ ತುಂಬುವ ಕಸ್ತೂರೆವ್ವನ ಕೈಯಲ್ಲಿ. ಅವಳೊಂದಿಗೆ ಒಳಗೆ ಸಿಕ್ಕಿಬಿದ್ದ ಹನ್ನೊಂದು ಮಂದಿ ಅವಳತ್ತ ತಿರುಗಿದರು. ಜೀವಮಾನದಲ್ಲಿ ಯಾರಿಗೂ ಅಪ್ಪಣೆ ಕೊಟ್ಟವಳಲ್ಲ.

“ಗಾಳಿ ಮೂರು ತಾಸಿಗಷ್ಟ ಐತಿ. ಸುಮ್ಮನ ಕೂಡ್ರಿ, ಯಾರೂ ಮಾತಾಡಬ್ಯಾಡ್ರಿ,” ಎಂದಳು. ಏದುಸಿರು ಬಿಡುತ್ತಿದ್ದವರಿಗೆ ತನ್ನ ಸಿಲಿಂಡರಿನಿಂದಲೇ ಹಂಚಿದಳು.

ಎರಡೂವರೆ ತಾಸಿನ ಮೇಲೆ ಹೊರಗಿನವರು ಕೊರೆಯುವ ಸದ್ದು ಕೇಳಿತು. ಆಗ ಅವಳ ದೀಪ ಆರಿ, ಆ ಹನ್ನೊಂದು ಮಂದಿಯಲ್ಲೇ ಇದ್ದ ಹಳೇ ಮುಖಂಡ ದೇವೇಂದ್ರಪ್ಪನ ಕೈಯಲ್ಲಿ ಹತ್ತಿತು. ಯಾರೂ ಅವನತ್ತ ನೋಡಲಿಲ್ಲ. ಅವನೂ ಪಟ್ಟಿ ಬಿಚ್ಚಿ ಜೇಬಿಗಿಳಿಸಿ, “ಮುಂದ ಏನ್ ಮಾಡೂಣು, ಹೇಳವ್ವಾ,” ಎಂದ.